ಮರಣ ವರವೋ, ಕಡೆಯ ಶತ್ರುವೋ?

ಪ್ರಿಯ ಗೆಳೆಯ,

'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ, ಅಷ್ಟು ನಿಷ್ಠೆಯ ಕ್ಯಾಥೊಲಿಕ್ ಆಗಿದ್ದ ಟೋಲ್ಕೀನ್ ಮರಣವನ್ನು ದೇವರ ವರ ಅಂದದ್ದು ಹೇಗೆ ಎಂದು ಕೇಳಿದ್ದೀಯ. ಬೈಬಲ್ ಓದಿದವರನ್ನು ಈ ಪ್ರಶ್ನೆ ಕಾಡಲೇಬೇಕು. ಯೇಸುವಿನ ಅಪೊಸ್ತಲ ಪೌಲನ ಪ್ರಕಾರ ಮರಣ ಪಾಪದ ಸಂಬಳ (ರೋಮಾ 6), ನಾಶವಾಗಬೇಕಾದ ಕಡೆಯ ಶತ್ರು (1 ಕೊರಿಂಥ 15). ಸತ್ತ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುವೂ ಕಣ್ಣೀರಿಟ್ಟರು.

ವರದ ಮಾತು ಬರುವುದು 1977ರಲ್ಲಿ ಅಚ್ಚಾದ, ಟೋಲ್ಕೀನರ ಕಲ್ಪನಾಲೋಕದ ಪುರಾಣಕಥೆಗಳ ಪುಸ್ತಕ 'ಸಿಲ್ಮರಿಲಿಯನ್'ನಲ್ಲಿ. ಅದನ್ನು ಹೇಳುತ್ತಿರುವವರು ಯಾರು ಎಂಬುದನ್ನು ಮೊದಲು ಗಮನಿಸು. ಅದು ಆ ಲೋಕದಲ್ಲಿ ಮನುಷ್ಯರ ಜೊತೆಗಿರುವ ಇನ್ನೊಂದು ಕುಲವಾದ ಎಲ್ಫ್‌ಗಳ ಪರಂಪರೆ. ಅವರು ಮುಪ್ಪಿನಿಂದ ಸಾಯುವುದಿಲ್ಲ. ಕೊಲೆಯಾದರೂ ಆತ್ಮ ಸತ್ತವರನ್ನು ಕಾಯುವ ದೇವತೆ ಮಾಂಡೋಸನ ಮಂದಿರ ಸೇರುತ್ತದೆ, ಮರಳಿ ದೇಹ ಪಡೆಯಲೂಬಹುದು. ಲೋಕ ಇರುವಷ್ಟು ಕಾಲ ಅದಕ್ಕೇ ಕಟ್ಟುಬಿದ್ದು ದಣಿದವರಿಗೆ ಮನುಷ್ಯರ ಬಿಡುಗಡೆ ವರವಾಗಿ ಕಂಡರೆ ಆಶ್ಚರ್ಯವಿಲ್ಲ. 1958ರ ಪತ್ರವೊಂದರ ಕರಡಿನಲ್ಲಿ ಟೋಲ್ಕೀನರೇ ಇದನ್ನು ಎಲ್ಫ್‌ಗಳ ದೃಷ್ಟಿ ಎಂದು ವಿವರಿಸಿ, ದೇವರು ಕೊಟ್ಟ ಶಿಕ್ಷೆಯನ್ನೂ ಮನಸಾರೆ ಒಪ್ಪಿಕೊಂಡರೆ ಅದು ವರವೇ ಆಗುತ್ತದೆ ಎಂದಿದ್ದಾರೆ. ನಿನ್ನ ಗಂಟು ಬಿಚ್ಚುವುದು ಇಲ್ಲೇ.

ಒಪ್ಪದವರ ಗತಿ ಆ ಲೋಕದ ಮನುಷ್ಯರ ದ್ವೀಪರಾಜ್ಯ ನ್ಯೂಮೆನೋರಿನ ಕಥೆಯಲ್ಲಿದೆ. ಅಲ್ಲಿನ ಮೊದಮೊದಲ ರಾಜರು ವೇಳೆ ಬಂದಾಗ ತಾವಾಗಿ ಪ್ರಾಣ ಬಿಡುತ್ತಿದ್ದರು. ನಂತರದವರು ಬದುಕಿಗೆ ಜೋತುಬಿದ್ದರು, ಹೆಣ ಕೆಡದಂತೆ ಇಡುವ ವಿದ್ಯೆ ಕಲಿತರು, ಭವ್ಯ ಗೋರಿಗಳನ್ನು ಕಟ್ಟಿದರು. ಕಡೆಗೆ ದುಷ್ಟ ಸೌರಾನನ ಮಾತು ನಂಬಿದ ಕೊನೆಯ ರಾಜ ಆರ್-ಫರಜೋನ್ ಅಮರರ ನಾಡಿನ ಮೇಲೇ ದಂಡೆತ್ತಿ ಹೋದ. ದ್ವೀಪಕ್ಕೆ ದ್ವೀಪವೇ ಮುಳುಗಿತು. ಆ ರಾಜರ ವಂಶದವನೇ ಆದ, 'ಲಾರ್ಡ್ ಆಫ್ ದಿ ರಿಂಗ್ಸ್'ನ 210 ವರ್ಷ ಬದುಕಿದ ಆರಗಾರ್ನ್ ಹಳೆಯ ರಾಜರಂತೆ ತಾನಾಗಿ ಮಲಗಿ ಪ್ರಾಣ ಬಿಡುತ್ತಾನೆ. ಆದರೆ ಅವನಿಗಾಗಿ ಅಮರತ್ವ ಬಿಟ್ಟ ಹೆಂಡತಿ ಆರ್ವೆನ್‌ಗೆ ಆ ವರ ಕಹಿಯಾಗಿಯೇ ಉಳಿಯುತ್ತದೆ. ಟೋಲ್ಕೀನ್ ಅವಳ ದುಃಖವನ್ನು ತೇಲಿಸಿಬಿಡಲಿಲ್ಲ. ಅವರ ಮೇಲಿನ ನನ್ನ ಗೌರವಕ್ಕೆ ಅದೊಂದೇ ಪುಟ ಸಾಕು.

ಈ ಕಥೆಗಳನ್ನು ಕ್ರೈಸ್ತ ನಂಬಿಕೆಯೊಂದಿಗೆ ಹೋಲಿಸುವವರು ಎಡವುವುದು ಸಾಮಾನ್ಯವಾಗಿ ದೇಹದ ವಿಷಯದಲ್ಲಿ. ಕ್ರೈಸ್ತರ ನಿರೀಕ್ಷೆ ಆತ್ಮ ಉಳಿಯುತ್ತದೆ ಎಂಬಲ್ಲಿಗೆ ನಿಲ್ಲುವುದಿಲ್ಲ. ಕ್ರೈಸ್ತರು ತಮ್ಮ ನಂಬಿಕೆಯನ್ನು ಸಾರುವ ನೈಸೀಯ ವಿಶ್ವಾಸಪ್ರಮಾಣ ಹೇಳುವುದು ಸತ್ತವರ ಪುನರುತ್ಥಾನವನ್ನು. 2007ರಲ್ಲಿ ಬಂದ ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕದಲ್ಲಿ, ಹ್ಯಾರಿಯ ತಂದೆತಾಯಿಯರ ಗೋರಿಯ ಮೇಲೆ ಕಡೆಯ ಶತ್ರುವಿನ ಬಗೆಗಿನ ಅದೇ ಕೊರಿಂಥದ ವಾಕ್ಯವಿದೆ. ಅವನ ಗೆಳತಿ ಹರ್ಮಯೋನಿ ಅದನ್ನು ಸಾವಿನಾಚೆಗೂ ಬದುಕುವುದು ಎಂದು ವಿವರಿಸುತ್ತಾಳೆ. ಆದರೆ ಪೌಲ ಆ ಅಧ್ಯಾಯವಿಡೀ ವಾದಿಸುವುದು ದೇಹ ಎದ್ದುಬರುವುದರ ಬಗ್ಗೆ. 'ಲಾರ್ಡ್ ಆಫ್ ದಿ ರಿಂಗ್ಸ್'ನ ಮಾಂತ್ರಿಕ ಗ್ಯಾಂಡಾಲ್ಫ್ ಸತ್ತು ಮರಳಿ ಬಂದದ್ದನ್ನೂ ಪುನರುತ್ಥಾನಕ್ಕೆ ಸಮ ಮಾಡಬೇಡ. ಅವನು ಮನುಷ್ಯನಲ್ಲ, ಉಳಿದ ಕೆಲಸ ಮುಗಿಸಲು ಸ್ವಲ್ಪ ಕಾಲ ಮರಳಿ ಕಳುಹಿಸಲ್ಪಟ್ಟವನು.

ಇನ್ನು ಮುಂದೆ ಓದಬೇಕಾದದ್ದು ಟೋಲ್ಕೀನರ ಬರಹಗಳ 1993ರ 'ಮಾರ್ಗೋತ್ಸ್ ರಿಂಗ್' ಸಂಪುಟದಲ್ಲಿರುವ, ಎಲ್ಫ್ ರಾಜ ಫಿನ್ರೋಡ್ ಮತ್ತು ಆಂಡ್ರೆತ್‌ರ ಸಂವಾದ. ಸಾವು ನಮ್ಮ ಸಹಜ ಸ್ಥಿತಿಯಲ್ಲ, ಹೊರಗಿನಿಂದ ಬಂದ ಗಾಯ ಎಂದು ಮನುಷ್ಯಳಾದ ಆಂಡ್ರೆತ್ ವಾದಿಸುತ್ತಾಳೆ. ಸೃಷ್ಟಿಕರ್ತನೇ ಲೋಕದೊಳಗೆ ಬಂದು ಅದನ್ನು ವಾಸಿಮಾಡುತ್ತಾನೆ ಎಂಬ ಹಳೆಯ ನಂಬಿಕೆಯನ್ನೂ ಅವಳೇ ಹೇಳುತ್ತಾಳೆ, ಆದರೆ ಅವಳಿಗೆ ಅದರಲ್ಲಿ ಪೂರ್ತಿ ಭರವಸೆಯಿಲ್ಲ. ಇದು ಕ್ರೈಸ್ತ ಧರ್ಮದ ಅಣಕದಂತೆ ಆಗಿಬಿಡುತ್ತದೇನೋ ಎಂಬ ಅಳುಕು ಟೋಲ್ಕೀನರಿಗೇ ಇತ್ತು. ಅದನ್ನು ಓದಿದ ಮೇಲೆ ಆರಗಾರ್ನ್‌ನ ಮರಣವನ್ನು ಇನ್ನೊಮ್ಮೆ ತೆರೆದು ನೋಡು: ಲೋಕದ ಆಚೆ ನೆನಪಿಗಿಂತ ಹೆಚ್ಚಿನದು ಇದೆ ಎನ್ನುತ್ತಾನೆ, ಅಷ್ಟೇ. ಯೇಸುವಿನ ಖಾಲಿ ಸಮಾಧಿಯ ಸುದ್ದಿ ಇನ್ನೂ ಯಾರಿಗೂ ಬಂದಿರದ ಕಾಲ ಅದು.

ಇಂತಿ ನಿನ್ನ ಗೆಳೆಯ