ನನಗೊಂದು ವಚನವೂ ಇಲ್ಲ ಅಂದೆಯಲ್ಲ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆಗಳು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಬರೆದಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ತುದಿಯಲ್ಲಿ, ಸಹಿಗೆ ಮುಂಚೆ, ಒಂದು ಮಾತು ಬರೆದಿದ್ದೀಯ: "ಎಲ್ಲರಿಗೂ ಅವರವರದು ಅಂತ ಬೈಬಲಿನ ಒಂದು ವಚನ ಇದೆ, ನನಗಿಲ್ಲ. ಓದಿದರೆ ಬರೀ ಅಕ್ಷರ. ದೇವರು ನನ್ನ ಹತ್ತಿರ ಮಾತಾಡುವುದನ್ನೇ ಬಿಟ್ಟರೇನೋ." ಅದನ್ನು ಓದಿದ ಮೇಲೆ ಉಳಿದ ಪತ್ರವೆಲ್ಲ ನನಗೆ ಮರೆತೇ ಹೋಯಿತು.

ನೀನು ಹೆದರುತ್ತಾ ಬರೆದ ಆ ಮಾತು ಸತ್ಯವೇದದಲ್ಲೇ ಇದೆ. 28ನೇ ಕೀರ್ತನೆ ತೆಗೆ. ದೇವರೇ, ನೀನು ಮೌನವಾಗಿಬಿಟ್ಟರೆ ನಾನು ಗೋರಿಗೆ ಇಳಿದವರ ಹಾಗಾಗುತ್ತೇನೆ ಎಂಬ ಮೊರೆಯಿಂದಲೇ ಅದು ಶುರುವಾಗುತ್ತದೆ. ಪ್ರಲಾಪಗಳ ಪುಸ್ತಕದ 3ನೇ ಅಧ್ಯಾಯ ನೋಡು. ಕರ್ತನ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಎಂಬ 22, 23ನೇ ವಚನಗಳು ಎಲ್ಲರ ಬಾಯಲ್ಲೂ ಇವೆ. ಆದರೆ ಅದೇ ಅಧ್ಯಾಯದ 8ನೇ ವಚನದಲ್ಲಿ ನಾನು ಕೂಗಿಕೊಂಡರೂ ಆತನು ಕೇಳಿಸಿಕೊಳ್ಳುತ್ತಿಲ್ಲ ಎಂಬ ಗೋಳು, 44ರಲ್ಲಿ ಪ್ರಾರ್ಥನೆ ತೂರಿ ಬರದಂತೆ ಮೋಡವನ್ನು ಹೊದ್ದುಕೊಂಡಿದ್ದೀ ಎಂಬ ದೂರು. ನಾವು ನೆಚ್ಚಿಕೊಂಡಿರುವ ಆ ಎರಡು ವಚನಗಳ ಮುಂದೂ ಹಿಂದೂ ನಿನ್ನ ಭಯವೇ ಕೂತಿದೆ. ದೇವರು ಮಾತಾಡುತ್ತಿಲ್ಲ ಎಂದು ದೇವರಿಗೇ ಹೇಳಿದವರ ಮಾತನ್ನು ಯಾರೂ ಅಳಿಸಿಹಾಕಲಿಲ್ಲ, ದೇವರ ವಾಕ್ಯ ಎಂದೇ ಉಳಿಸಿಕೊಂಡರು. ಹಾಗಿರುವಾಗ ನಿನಗೊಂದು ವಚನವೂ ಇಲ್ಲ ಅಂತ ಹೇಗೆ ಹೇಳಲಿ?

ತಪ್ಪು ನಮ್ಮ ಕಡೆಯದೂ ಇದೆ, ಅದನ್ನು ನೆನೆದರೆ ಸಂಕಟವಾಗುತ್ತದೆ. ನಿಮಗೆಲ್ಲ ಚಿಕ್ಕಂದಿನಲ್ಲಿ ವಚನಗಳನ್ನು ಬಾಯಿಪಾಠ ಮಾಡಿಸಿದೆವು. ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂದು ಕಲಿಸಲಿಲ್ಲ. ಸಂತೋಷದ ಕೀರ್ತನೆಗಳನ್ನೇ ಆರಿಸಿ ಆರಿಸಿ ಕೊಟ್ಟೆವು. ನಾನೂ ಎಷ್ಟೋ ವರ್ಷ 88ನೇ ಕೀರ್ತನೆಯನ್ನು ದಾಟಿಕೊಂಡೇ ಹೋದವಳು. ಅದರ ಹದಿನೆಂಟು ವಚನಗಳಲ್ಲಿ ಕೊನೆಗೂ ಬೆಳಕಾಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದೂ ಪ್ರಾರ್ಥನೆಯೇ ಎಂದು ನಿನಗೆ ಆಗಲೇ ಹೇಳಿದ್ದರೆ ಈಗ ಇಷ್ಟು ಹೆದರುತ್ತಿರಲಿಲ್ಲವೇನೋ.

ಫೋನಿನಲ್ಲಿ "ಸಮಾಧಾನದ ವಚನಗಳು" ಎಂದು ಹುಡುಕಿ ದಿನಕ್ಕೆ ಹತ್ತಿಪ್ಪತ್ತು ಓದುತ್ತೇನೆ, ಯಾವುದೂ ತಟ್ಟುವುದಿಲ್ಲ ಅಂದಿದ್ದೀಯ. ಹೇಗೆ ತಟ್ಟೀತು? ಅವು ಬಳ್ಳಿಯಿಂದ ಕಿತ್ತ ಹೂವುಗಳು. ಯೆರೆಮೀಯ 29:11 ಅನ್ನೇ ತೆಗೆದುಕೋ, ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂಬ ವಾಗ್ದಾನ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಕಾಗದದ ಒಂದು ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯನೆಂಬ ಪ್ರವಾದಿ ಹೇಳಿದ್ದು 28ನೇ ಅಧ್ಯಾಯದಲ್ಲಿದೆ, ಅದು ಸುಳ್ಳಾಯಿತು. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಅಲ್ಲೇ ಬಾಳಿ ಎಂಬ 5ನೇ ವಚನದಿಂದ ಓದಿಕೊಂಡು ಬಂದರೆ 11ರ ತೂಕವೇ ಬೇರೆ.

ಯೋಬ 8:7 ಇನ್ನೂ ಕಷ್ಟದ್ದು. ನಿನ್ನ ಮೊದಲ ಸ್ಥಿತಿ ಅಲ್ಪವಾಗಿದ್ದರೂ ಕಡೆಯದು ವೃದ್ಧಿಯಾಗುವುದು ಎಂಬುದನ್ನು ವಾಗ್ದಾನ ಎಂದು ಹಿಡಿದುಕೊಂಡವರು ಬಹಳ ಮಂದಿ. ಆ ಮಾತು ಮಕ್ಕಳನ್ನು ಕಳೆದುಕೊಂಡ ಯೋಬನಿಗೆ ಅವನ ಗೆಳೆಯ ಬಿಲ್ದದ ಹೇಳಿದ್ದು. ನಿನ್ನ ಮಕ್ಕಳು ಪಾಪಮಾಡಿ ಸತ್ತರು ಎಂಬ ಅರ್ಥ ಬರುವಂತೆ ಮೂರು ವಚನಗಳ ಹಿಂದೆ ಹೇಳಿದವನೂ ಅವನೇ. ಈ ಗೆಳೆಯರು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು 42:7ರಲ್ಲಿ ದೇವರೇ ಕೋಪಿಸಿಕೊಳ್ಳುತ್ತಾರೆ. ಅದಕ್ಕೇ, ಯಾವ ವಚನ ಹಿಡಿಸಿದರೂ ಅದರ ಹಿಂದೆ ಹತ್ತು, ಮುಂದೆ ಹತ್ತು ವಚನ ಓದು. ಶೋಧಿಸುವಾಗ ಸೈತಾನನು ಯೇಸುಸ್ವಾಮಿಯ ಮುಂದಿಟ್ಟದ್ದೂ 91ನೇ ಕೀರ್ತನೆಯನ್ನೇ ಅಲ್ಲವೇ?

ಮತ್ತೆ ನಿನ್ನ ಮಾತಿಗೇ ಬರುತ್ತೇನೆ, ಅದು ನನ್ನನ್ನು ಬಿಡುತ್ತಿಲ್ಲ. ಓದುವಾಗ ಒಳಗೆ ಏನೂ ಆಗಲಿಲ್ಲ ಎಂದರೆ ದೇವರು ಮಾತಾಡಲಿಲ್ಲ ಎಂದೇ ಅರ್ಥವೇ? ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಹೋದ ಇಬ್ಬರು ಶಿಷ್ಯರಿಗೆ, ಸತ್ತು ಎದ್ದುಬಂದ ಯೇಸುಸ್ವಾಮಿಯೇ ಶಾಸ್ತ್ರವನ್ನು ಬಿಡಿಸಿ ಹೇಳಿದರು. ಆಗ ಅವರಿಗೆ ಗುರುತು ಹತ್ತಲಿಲ್ಲ. ರೊಟ್ಟಿ ಮುರಿದು ಆತನು ಕಣ್ಮರೆಯಾದ ಮೇಲೆ, ದಾರಿಯಲ್ಲಿ ನಮ್ಮ ಹೃದಯ ಕುದಿಯಿತಲ್ಲವೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಸಮುವೇಲನನ್ನು ನೋಡು. ದೇವರು ಮೂರು ಸಲ ಕರೆದಾಗಲೂ, ಯಾಜಕ ಏಲಿಯೇ ಕರೆದನೆಂದು ಅವನ ಹತ್ತಿರವೇ ಓಡಿದ. ದೇವರ ಸ್ವರ ಕೇಳಿಸಿದ್ದರೂ ಅದು ದೇವರದೆಂದು ಹುಡುಗನಿಗೆ ತಿಳಿಯಲಿಲ್ಲ. ಅದಕ್ಕಾಗಿ ಅವನನ್ನು ಯಾರೂ ಬೈಯಲಿಲ್ಲ. ನಾಲ್ಕನೆಯ ಸಲವೂ ಕರೆ ಬಂತು.

ಏನು ಮಾಡಲಿ ಎಂದು ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಒಂದು ವಾರ ಹುಡುಕುವುದನ್ನು ನಿಲ್ಲಿಸು. ಒಂದೇ ಭಾಗ, ಏಳು ದಿನ. 13ನೇ ಕೀರ್ತನೆ ಸಾಕು, ಆರೇ ವಚನ. ಮೊದಲ ಎರಡರಲ್ಲೇ "ಎಷ್ಟರ ತನಕ" ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ. ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ಬಾಯಿಬಿಟ್ಟು ಓದು. ಕಣ್ಣು ಓಡಿಬಿಡುತ್ತದೆ, ನಾಲಿಗೆಗೆ ಆ ಅವಸರವಿಲ್ಲ. ಮೊದಲ ದಿನ ಸುಮ್ಮನೆ ಎರಡು ಸಲ. ಎರಡನೆಯ ದಿನ ಯಾರು ಯಾರಿಗೆ ಹೇಳುತ್ತಿದ್ದಾರೆ, ಮಾತು ಎಲ್ಲಿ ತಿರುಗುತ್ತದೆ ಎಂದು ನೋಡು. ಮೂರನೆಯ ದಿನದ ಹೊತ್ತಿಗೆ ಬೇಜಾರು ಬರುತ್ತದೆ, ಬಹಳ ಜನ ಬೇರೆ ಭಾಗಕ್ಕೆ ಹಾರುವುದು ಆಗಲೇ. ನೀನು ಹಾರಬೇಡ. ಅಂದು ಕೈಯಲ್ಲಿ ಬರೆದುಕೋ, ಬರೆಯುವಾಗ ಕಣ್ಣು ತಪ್ಪಿಸಿದ ಪದಗಳು ಸಿಗುತ್ತವೆ. ಆಮೇಲಿನ ದಿನಗಳಲ್ಲಿ ಯಾವ ಮಾತಿನ ಹತ್ತಿರ ನಿಲ್ಲುತ್ತೀ, ಯಾವುದರ ಮೇಲೆ ಸಿಟ್ಟು ಬರುತ್ತದೆ ಎಂದು ಗಮನಿಸು. ಸಿಟ್ಟು ಬಂದದ್ದೂ ನಿನ್ನ ವಚನ ಆಗಬಹುದು. ಆ ಮಾತನ್ನೇ ಪ್ರಾರ್ಥನೆ ಮಾಡಿ ದೇವರಿಗೆ ತಿರುಗಿ ಹೇಳು. ಓದುವುದು, ಧ್ಯಾನಿಸುವುದು, ಪ್ರಾರ್ಥಿಸುವುದು, ಕೊನೆಗೆ ಸುಮ್ಮನಿರುವುದು ಎಂಬ ಈ ಕ್ರಮವನ್ನು 12ನೇ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಸನ್ಯಾಸಿ ಏಣಿಯ ನಾಲ್ಕು ಮೆಟ್ಟಿಲು ಎಂದು ಬರೆದಿಟ್ಟ. ನಾವು ಸಾಮಾನ್ಯವಾಗಿ ಮೊದಲ ಮೆಟ್ಟಿಲಲ್ಲೇ ನಿಂತು ಏನೂ ಆಗಲಿಲ್ಲ ಅನ್ನುತ್ತೇವೆ.

ಕಣ್ಣುಮುಚ್ಚಿ ಪುಟ ತೆರೆದು ಬೆರಳಿಡುವುದು ಮಾತ್ರ ಬೇಡ. ಸಂತ ಅಗಸ್ಟೀನನು ಹಾಗೆ ತೆರೆದಾಗಲೇ ಪೌಲನ ರೋಮಾ ಪತ್ರಿಕೆಯ 13ನೇ ಅಧ್ಯಾಯ ಸಿಕ್ಕಿ ಅವನ ಬದುಕೇ ತಿರುಗಿತಲ್ಲ ಎಂದು ನೀನು ಕೇಳಬಹುದು. ಅದು ನಿಜ, 386ರಲ್ಲಿ. ಆದರೆ ಅವನು ವರ್ಷಗಟ್ಟಲೆ ಒದ್ದಾಡಿದ್ದ, ಪೌಲನ ಪತ್ರಿಕೆಗಳನ್ನು ಆಗಲೇ ಓದುತ್ತಿದ್ದ.

ಅಧ್ಯಾಯದ ಗೆರೆಗಳನ್ನೂ ಬಹಳ ನಂಬಬೇಡ. ಈಗಿನ ಅಧ್ಯಾಯಗಳು 13ನೇ ಶತಮಾನದವು, ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆ ಬಂದದ್ದು 1551ರಲ್ಲಿ. ಯೆಶಾಯ 53 ಓದುವಾಗ 52:13ರಿಂದ ಹಿಡಿ, ನೊಂದ ಸೇವಕನ ಆ ಹಾಡು ಶುರುವಾಗುವುದು ಅಲ್ಲಿ. 42, 43ನೇ ಕೀರ್ತನೆಗಳನ್ನು ಸೇರಿಸಿ ಓದು. ನನ್ನ ಮನವೇ, ಏಕೆ ಕುಗ್ಗಿದ್ದೀ ಎಂಬ ಪಲ್ಲವಿ ಎರಡರಲ್ಲೂ ಸೇರಿ ಮೂರು ಸಲ ಬರುತ್ತದೆ. ಮೊದಲ ಸಲ ಹೇಳಿಕೊಂಡಾಗ ಆ ಮನಸ್ಸು ಏಳಲಿಲ್ಲ, ಎರಡನೆಯ ಸಲವೂ ಏಳಲಿಲ್ಲ. ಅದಕ್ಕೇ ಮತ್ತೆ ಹೇಳಬೇಕಾಯಿತು.

ನೀನು ಬಾಯಿಪಾಠ ಮಾಡಿದ್ದ 23ನೇ ಕೀರ್ತನೆಯಲ್ಲೂ ನಾನು ನಿನಗೆ ತೋರಿಸದೇ ಹೋದದ್ದೊಂದಿದೆ. ಹಸುರುಗಾವಲಿನಲ್ಲಿ, ನೀರಿನ ಬಳಿಯಲ್ಲಿ, ಕುರುಬನ ವಿಷಯವಾಗಿ "ಆತನು" ಎಂದು ದೂರದಿಂದ ಹೇಳುತ್ತಿದ್ದವನು, ಕತ್ತಲ ಕಣಿವೆಗೆ ಇಳಿದ 4ನೇ ವಚನದಲ್ಲಿ "ನೀನು" ಎಂದು ಕರೆಯುತ್ತಾನೆ. ನಿನ್ನ ಪತ್ರದಲ್ಲಿ ದೇವರ ವಿಷಯವಾಗಿ ನನಗೆ ಬರೆದಿದ್ದೀಯ. ಅದೇ ಮಾತನ್ನು "ನೀನು" ಎಂದು ಬದಲಿಸಿ ಆತನಿಗೇ ಒಮ್ಮೆ ಹೇಳಿ ನೋಡುತ್ತೀಯಾ? ನೀನು ನನ್ನ ಹತ್ತಿರ ಮಾತಾಡುವುದನ್ನು ಬಿಟ್ಟೆಯಾ, ಎಂದು. ಅಷ್ಟೇ ಸಾಕು, ಆ ದಿನ ಬೇರೇನೂ ಓದಬೇಡ.

ಗುರುತು ಹಾಕುವುದಾದರೆ ಪೆನ್ಸಿಲಿನಲ್ಲಿ ಹಾಕು, ಆ ತೆಳು ಹಾಳೆಗೆ ಪೆನ್ನಿನ ಶಾಯಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಪಕ್ಕದಲ್ಲಿ ತಾರೀಖು ಬರಿ. ಏಳು ದಿನವಾದ ಮೇಲೂ ಏನೂ ಇಲ್ಲವಾದರೆ ಏನೂ ಇಲ್ಲ ಎಂದೇ ನನಗೆ ಬರೆ, ಮುಚ್ಚಿಡಬೇಡ. ನಾನೂ ಈ ವಾರ ಬೆಳಿಗ್ಗೆ 13ನೇ ಕೀರ್ತನೆಯನ್ನೇ ಓದುತ್ತಿರುತ್ತೇನೆ.

ನಿನ್ನ
ದೊಡ್ಡಮ್ಮ