ಬಾಣಂತಿಯರ ಎಚ್‌ಐವಿ ಮಾತ್ರೆ: ಮನೆ ಭೇಟಿಗೆ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಯಾವ ತಾಯಿಯ ಹೆಸರು, ಊರು, ಫೋಟೊವನ್ನೂ ಹಾಕಬೇಡಿ. 2017ರ ಎಚ್‌ಐವಿ ಕಾಯ್ದೆಯಡಿ ಗೋಪ್ಯತೆ ಕಡ್ಡಾಯ. ಏನಿದ್ದರೂ ನನಗೆ ಫೋನ್ ಮಾಡಿ.

ಬಸುರಿಯಾಗಿದ್ದಾಗ ಒಂದು ದಿನವೂ ಬಿಡದ ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಹೋದ ಮೇಲೆ ಮಾತ್ರೆ ತಪ್ಪಿಸುವುದುಂಟು. ಕಳೆದ ವಾರ ಒಂದು ಮನೆಯಲ್ಲಿ ಔಷಧಿಯ ಡಬ್ಬಿ ರಾಗಿಹಿಟ್ಟಿನೊಳಗೆ ಹೂತಿತ್ತು. ನೆಂಟರು ಅಡುಗೆಮನೆಯಲ್ಲಿ ಕುಳಿತರೆ ಅಂದಿನ ಮಾತ್ರೆಗೆ ರಜೆ! “ತೆಗೆದುಕೊಂಡೆಯಾ?” ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಆದ್ದರಿಂದ ಎಣಿಸಿ. 30 ಮಾತ್ರೆ ಕೊಟ್ಟು 20 ದಿನವಾಗಿದ್ದರೆ 10 ಉಳಿದಿರಬೇಕು. 14 ಇದ್ದರೆ ಗದರಬೇಡಿ. ಆ ನಾಲ್ಕು ದಿನ ಮನೆಗೆ ಯಾರು ಬಂದಿದ್ದರು ಎಂದು ಮೆಲ್ಲಗೆ ವಿಚಾರಿಸಿ.

ಹೆರಿಗೆಯ ನಂತರ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ಎಚ್‌ಐವಿ ಮಾತ್ರೆಯ ಜೊತೆಗೇ ನುಂಗಿದರೆ ಅದರಲ್ಲಿರುವ ಡೊಲುಟೆಗ್ರಾವಿರ್ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಚ್‌ಐವಿ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಲಿ.

ಎದೆಹಾಲು ನಿಲ್ಲಿಸಿ ಎಂದು ಯಾರೂ ಹೇಳಬೇಡಿ. ಮಗುವಿಗೆ ಎಚ್‌ಐವಿ ತಗಲದಂತೆ ಕೊಡುವ ನೆವಿರಪಿನ್ ಸಿರಪ್ ಎಷ್ಟು ಉಳಿದಿದೆ ಎಂಬುದನ್ನು ಬಾಟಲಿ ಎತ್ತಿ ನೋಡಿ. 6 ವಾರ ತುಂಬಿದ ಮಕ್ಕಳ ಎಚ್‌ಐವಿ ರಕ್ತಪರೀಕ್ಷೆಯ ದಿನವನ್ನು ತಾಯಿಗೆ ನೆನಪಿಸಿ.