ಷೋರೂಂಗೆ ಕಟ್ಟಿದ ರೊಕ್ಕ ಕಾಣದಿದ್ದರೆ ಮೊದಲು ಲೆಡ್ಜರ್ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಹತ್ತಿ, ಮೆಣಸಿನಕಾಯಿ, ಭತ್ತದ ರೊಕ್ಕ ಕೈಗೆ ಬರುವ ತಿಂಗಳುಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಕಾರು ಷೋರೂಂಗಳ ಕ್ಯಾಷ್ ಕೌಂಟರಿನಲ್ಲಿ ಒಂದೇ ಜಗಳ ಮತ್ತೆ ಮತ್ತೆ ಕೇಳಿಬರುತ್ತದೆ. ‘ಕಟ್ಟೀನಲ್ರೀ’ ಎನ್ನುವವರು ಈಚೆ, ‘ನಮಗೆ ಬಂದೇ ಇಲ್ರೀ’ ಎನ್ನುವವರು ಆಚೆ. ಎಷ್ಟೋ ಸಲ ಇಬ್ಬರ ಮಾತೂ ನಿಜ. ರೊಕ್ಕ ಷೋರೂಂನ ಬ್ಯಾಂಕ್ ಖಾತೆ ಮುಟ್ಟಿರುತ್ತದೆ, ಆದರೆ ಯಾವ ಗಿರಾಕಿಯದೆಂದು ತಿಳಿಯದೆ ಲೆಕ್ಕದ ಪುಸ್ತಕದಲ್ಲಿ ಸಸ್ಪೆನ್ಸ್ ಖಾತೆಯಲ್ಲಿ ಕೂತಿರುತ್ತದೆ. ಅಮಾವಾಸ್ಯೆಯೊಳಗೆ ಗಾಡಿ ಮನೆಗೆ ಬರಲಿ ಎಂಬ ಅವಸರಕ್ಕೆ ಎರಡನೇ ಸಲ ಕಟ್ಟಿಬಿಡುವುದೇ ದೊಡ್ಡ ತಪ್ಪು.

ನಮ್ಮ ಭಾಗದಲ್ಲಿ ಇದಕ್ಕೆ ಮುಖ್ಯ ಕಾರಣ ಅಡತಿ ಅಂಗಡಿಯ (ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ಅಂಗಡಿಯ) ಲೇವಾದೇವಿ. ಮಾಲಿನ ಬಾಕಿ ಅಡತಿಯಲ್ಲೇ ಇರುತ್ತದೆ. ‘ಸಾಹುಕಾರ್ರೇ, ಷೋರೂಂಗೆ ಮೂರು ಲಕ್ಷ ಆರ್‌ಟಿಜಿಎಸ್ ಮಾಡಿಬಿಡ್ರಿ’ ಎಂದರೆ ಅವರು ಮಾಡುತ್ತಾರೆ. ಷೋರೂಂನ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಟ್ರೇಡಿಂಗ್ ಕಂಪನಿಯ ಹೆಸರು, ಬುಕಿಂಗ್ ಫಾರ್ಮಿನಲ್ಲಿರುವುದು ರೈತನ ಹೆಸರು. ಎರಡನ್ನೂ ಹೊಂದಿಸುವ ಕಾಗದ ನಡುವೆ ಇಲ್ಲ. ಅಳಿಯನ ಫೋನಿನಿಂದ ಯುಪಿಐ ಮಾಡಿಸಿದರೂ ಇದೇ ಕಥೆ. ಒಂದೇ ವಾರದಲ್ಲಿ ಇಬ್ಬರು ವೀರೇಶರು, ಇಬ್ಬರು ಹುಲಿಗೆಪ್ಪಗಳು ಬುಕ್ ಮಾಡಿದರೆ ಒಬ್ಬರದು ಇನ್ನೊಬ್ಬರ ಲೆಕ್ಕಕ್ಕೆ ಏರುವುದೂ ಉಂಟು. ಒಬ್ಬರೇ ಮಾಲೀಕರು ಬೈಕು, ಟ್ರ್ಯಾಕ್ಟರು, ಕಾರು ಮೂರನ್ನೂ ಮಾರುತ್ತಿದ್ದರೆ ಸಂಸ್ಥೆ ಬೇರೆ, ಜಿಎಸ್‌ಟಿ ಸಂಖ್ಯೆ ಬೇರೆ, ಖಾತೆ ಬೇರೆ. ಸರ್ವಿಸ್ ಕೌಂಟರಿನ ಕ್ಯೂಆರ್‌ಗೆ ಕಟ್ಟಿದ ಬುಕಿಂಗ್ ರೊಕ್ಕ ಸೇಲ್ಸ್ ವಿಭಾಗಕ್ಕೆ ತಾನಾಗಿ ಹೋಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಯುಟಿಆರ್ ಸಂಖ್ಯೆ, ಎಂದರೆ ರೊಕ್ಕದ ಪ್ರತಿ ವರ್ಗಾವಣೆಗೂ ಸಿಗುವ ಗುರುತಿನ ಸಂಖ್ಯೆ ಹಿಡಿಯುವುದು. ಯುಪಿಐ ಮತ್ತು ಐಎಂಪಿಎಸ್‌ಗೆ ಇದು 12 ಅಂಕಿ, ಎನ್‌ಇಎಫ್‌ಟಿಗೆ ಸಾಮಾನ್ಯವಾಗಿ 16 ಅಕ್ಷರ, ಆರ್‌ಟಿಜಿಎಸ್‌ಗೆ 22. ಫೋನಿನ ಸ್ಕ್ರೀನ್‌ಶಾಟ್ ತೋರಿಸಿದರೆ ಅಕೌಂಟೆಂಟರಿಗೆ ಉಪಯೋಗವಿಲ್ಲ. ಅವರು ತಮ್ಮ ಸ್ಟೇಟ್‌ಮೆಂಟಿನಲ್ಲಿ ಹುಡುಕುವುದು ಈ ಸಂಖ್ಯೆಯನ್ನು. ಅಡತಿಯವರು ಕಳಿಸಿದ್ದರೆ ಅವರ ಬ್ಯಾಂಕಿನಿಂದ ಸೀಲು ಹಾಕಿಸಿದ ಸ್ಟೇಟ್‌ಮೆಂಟ್ ತನ್ನಿ, ಜೊತೆಗೆ ಅವರ ಲೆಟರ್‌ಹೆಡ್ಡಿನಲ್ಲಿ ‘ಇಂಥ ಯುಟಿಆರ್‌ನ ಇಷ್ಟು ಮೊತ್ತವನ್ನು ಇಂಥವರ ಬುಕಿಂಗ್ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಿ’ ಎಂಬ ಎರಡು ಸಾಲು. ಮುಂದೆ ಬುಕಿಂಗ್ ರದ್ದಾದರೆ ಮರುಪಾವತಿ ಸಾಮಾನ್ಯವಾಗಿ ಬಂದ ಖಾತೆಗೇ, ಎಂದರೆ ಅಡತಿಗೇ ಹೋಗುತ್ತದೆ. ಅವರಲ್ಲಿ ಸಾಲವಿದ್ದವರು ಇದನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಎರಡನೆಯದು, ನಿಮ್ಮ ಹೆಸರಿನ ಲೆಡ್ಜರ್ (ಷೋರೂಂನ ಪುಸ್ತಕದಲ್ಲಿರುವ ನಿಮ್ಮ ಲೆಕ್ಕದ ಪುಟ) ಪ್ರತಿ. ರಸೀದಿ ಬೇರೆ, ಲೆಡ್ಜರ್ ಬೇರೆ. ಲೆಡ್ಜರಿನಲ್ಲಿ ಒಂದು ಬದಿಗೆ ಎಕ್ಸ್ ಷೋರೂಂ ಬೆಲೆ, ವಿಮೆ, ಆಜೀವ ತೆರಿಗೆ, ನೋಂದಣಿ, ಆಕ್ಸೆಸರಿ. ಇನ್ನೊಂದು ಬದಿಗೆ ನೀವು ಕಟ್ಟಿದ್ದು, ಬ್ಯಾಂಕ್ ಸಾಲ, ಹಳೇ ಗಾಡಿಯ ಬೆಲೆ. ‘ಬಾಕಿ’ ಎಂದು ತೋರಿಸುವ ಅಂಕಿಯೇ ಅರ್ಧ ಉತ್ತರ ಹೇಳುತ್ತದೆ. ಬಾಕಿ ನೀವು ಕಟ್ಟಿದ ಒಂದು ಕಂತಿಗೆ ಸರಿಸಮ ಇದ್ದರೆ ಆ ಕಂತು ಜಮಾ ಆಗಿಲ್ಲ. ಕಂತಿನ ಎರಡು ಪಟ್ಟು ಇದ್ದರೆ, ಉದಾಹರಣೆಗೆ 25,000 ಕಟ್ಟಿ 50,000 ಬಾಕಿ ಬಂದರೆ, ಜಮಾ ಬದಿಗೆ ಬರೆಯಬೇಕಾದ್ದನ್ನು ಖರ್ಚಿನ ಬದಿಗೆ ಬರೆದಿದ್ದಾರೆ. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 2,54,000 ಎಂಬುದನ್ನು 2,45,000 ಎಂದು ಹೊಡೆದರೆ 9,000 ಕಡಿಮೆ. ಹಳೇ ಲೆಕ್ಕಿಗರಿಗೆಲ್ಲ ಗೊತ್ತಿದ್ದ ಈ ಉಪಾಯ ಕಂಪ್ಯೂಟರಿನ ಮುಂದೆ ಕೂತ ಹುಡುಗರಿಗೆ ಮರೆತೇಹೋಗಿದೆ. ಬೆಲೆ 10 ಲಕ್ಷ ಮೀರಿದ ಕಾರಿಗೆ ಸರಿಯಾಗಿ ಶೇ 1ರಷ್ಟು ಹೆಚ್ಚು ಕೇಳಿದರೆ ಅದು ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ), ಕಟ್ಟಲೇಬೇಕು. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂದಿದ್ದರೆ ಮಾತ್ರ ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳಿ.

ಸಾಲದ ಗಾಡಿಯಲ್ಲಿ ಇನ್ನೊಂದು ಗಂಟಿದೆ. 6 ಲಕ್ಷ ಮಂಜೂರಾಗಿದೆ ಎಂದು ಗಿರಾಕಿ ಲೆಕ್ಕ ಹಾಕಿರುತ್ತಾರೆ, ಫೈನಾನ್ಸ್ ಕಂಪನಿ ಪ್ರೊಸೆಸಿಂಗ್ ಶುಲ್ಕ, ಮುದ್ರಾಂಕದ ವೆಚ್ಚ ಹಿಡಿದುಕೊಂಡು ಉಳಿದದ್ದನ್ನು ಷೋರೂಂಗೆ ಕಳಿಸಿರುತ್ತದೆ. ಕಡಿಮೆ ಬಿದ್ದದ್ದಕ್ಕೆ ಷೋರೂಂ ಹೊಣೆಯಲ್ಲ. ಸಾಲ ಬಿಡುಗಡೆಯ ಪತ್ರ ತರಿಸಿ ನೋಡಿ. ಬಡ್ಡಿ ರೊಕ್ಕ ಬಿಡುಗಡೆಯಾದ ದಿನದಿಂದ ಓಡುತ್ತದೆ, ಗಾಡಿ ಬಂದ ದಿನದಿಂದಲ್ಲ. ಆದ್ದರಿಂದ ಷೋರೂಂ ‘ಬಂದಿಲ್ಲ’ ಎನ್ನುತ್ತಾ ಕಳೆಯುವ ಪ್ರತಿ ದಿನಕ್ಕೂ ನಿಮಗೆ ಖರ್ಚಿದೆ.

ರೊಕ್ಕ ಷೋರೂಂಗೇ ಹೋಗದೆ ಬೇರೆಯವರ ಖಾತೆಗೆ ಬಿದ್ದಿದ್ದರೆ ದಾರಿ ಬೇರೆ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ. ಹೆಸರು ಹೊಂದದಿದ್ದರೂ ಹೋಗುತ್ತದೆ. ಖಾತೆಯೇ ಇಲ್ಲದಿದ್ದರೆ ಎನ್‌ಇಎಫ್‌ಟಿ ರೊಕ್ಕ ಆ ಬ್ಯಾಚ್ (ಒಟ್ಟಿಗೆ ಸಾಗಿಸುವ ಪಾವತಿಗಳ ಗುಂಪು) ಮುಗಿದ ಎರಡು ಗಂಟೆಯಲ್ಲಿ ವಾಪಸ್ ಬರಬೇಕು. ಮರುದಿನವೂ ಬರಲಿಲ್ಲವೆಂದರೆ ಯಾವುದೋ ಖಾತೆಗೆ ಜಮಾ ಆಗಿದೆ ಎಂದೇ ತಿಳಿದು ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಆ ಖಾತೆದಾರರ ಒಪ್ಪಿಗೆಯಿಲ್ಲದೆ ಬ್ಯಾಂಕು ತೆಗೆದುಕೊಡಲಾರದು. ಆದರೆ ತಪ್ಪಿ ಬಂದ ರೊಕ್ಕವನ್ನು ಹಿಂದಿರುಗಿಸಲೇಬೇಕೆಂದು 1872ರ ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕಳಿಸುವ ಮುಂಚೆಯೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಅದನ್ನು ನೋಡದೆ ಒತ್ತಬೇಡಿ. ರಾಯಚೂರು, ಕೊಪ್ಪಳದ ಕಡೆ ಹಳೇ ಕೊಟೇಶನ್ ಹಾಳೆಗಳಲ್ಲಿ ಇನ್ನೂ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಕಾಲದ ಐಎಫ್‌ಎಸ್‌ಸಿ ಉಳಿದಿದ್ದರೆ ಹೊಸದನ್ನು ಕೇಳಿ ಪಡೆಯಿರಿ. ಆ ಬ್ಯಾಂಕು 2017ರ ಏಪ್ರಿಲ್ 1ರಂದೇ ಎಸ್‌ಬಿಐನಲ್ಲಿ ಸೇರಿಹೋಗಿದೆ.

ಷೋರೂಂಗೆ ಕೊಡುವ ಪತ್ರದಲ್ಲಿ ಸಿಟ್ಟು ಬೇಡ. ಬುಕಿಂಗ್ ಸಂಖ್ಯೆ, ದಿನಾಂಕ, ಮೊತ್ತ, ಯುಟಿಆರ್, ಯಾವ ಖಾತೆಯಿಂದ ಯಾವ ಖಾತೆಗೆ, ‘ಏಳು ದಿನದಲ್ಲಿ ಜಮಾ ಮಾಡಿ ಲೆಡ್ಜರ್ ಪ್ರತಿ ಕೊಡಿ, ಇಲ್ಲವೇ ಮೊತ್ತ ಹಿಂದಿರುಗಿಸಿ’ ಎಂದಷ್ಟೇ ಬರೆದು, ಎರಡನೇ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಸೇಲ್ಸ್ ಹುಡುಗನಿಗೆ ವಾಟ್ಸ್‌ಆ್ಯಪ್ ಮಾಡಿದ್ದು ದೂರು ಕೊಟ್ಟಂತಲ್ಲ. ಆತ ಮುಂದಿನ ತಿಂಗಳು ಬೇರೆ ಷೋರೂಂನಲ್ಲಿರಬಹುದು. ಆತನ ಸ್ವಂತ ನಂಬರಿಗಂತೂ ಒಂದು ಪೈಸೆಯೂ ಬೇಡ. ನಗದಿನಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಒಂದೇ ವ್ಯವಹಾರವನ್ನು ನಾಲ್ಕು ದಿನಕ್ಕೆ ಹಂಚಿ ಕೊಟ್ಟರೂ ತಪ್ಪು ತಪ್ಪೇ.

ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಗಾಡಿಯನ್ನು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ದೂರು ಹಾಕಲು ಗಡುವು ಎರಡು ವರ್ಷ.

ಷೋರೂಂ ಮಾಲೀಕರಲ್ಲಿ ನಮ್ಮ ಕೋರಿಕೆ ಎರಡೇ. ಕೌಂಟರಿನ ಗೋಡೆಗೆ ಸೇಲ್ಸ್ ಖಾತೆಯ ಪೂರ್ತಿ ಹೆಸರು, ಸಂಖ್ಯೆ, ಐಎಫ್‌ಎಸ್‌ಸಿ ದೊಡ್ಡ ಅಕ್ಷರದ ಕನ್ನಡದಲ್ಲಿ ಅಂಟಿಸಿ. ಕೀಲಿ ಕೈಗೆ ಕೊಡುವ ದಿನ, ಹಾರ ಹಾಕಿ ಫೋಟೊ ತೆಗೆಯುವ ಮುಂಚೆ, ಬಾಕಿ ಸೊನ್ನೆ ಎಂದು ತೋರಿಸುವ ಲೆಡ್ಜರಿಗೆ ಸಹಿ ಹಾಕಿ ಕೊಡಿ.

— ಲೆಕ್ಕಪತ್ರ ಬರೆಯುವ ಗೆಳೆಯರು, ಗಂಗಾವತಿ, ಕೊಪ್ಪಳ ಜಿಲ್ಲೆ